ಸಂತೆ ದಿನದ ಒಪ್ಪತ್ತು

ಮೈಕು ಕಂಡರೆ ನಂಜುಂಡಪ್ಪನಿಗೆ ಹಸಿವು ನೀರಡಿಕೆ ಮರೆತುಹೋಗುತ್ತಿತ್ತು. ಹಾಲಿನ ಡೇರಿಯ ಸಭೆಯಿರಲಿ, ಶಾಲೆಯ ಸಭೆಯಿರಲಿ, ಯಾರದೋ ಮನೆಯ ನಾಮಕರಣವೇ ಇರಲಿ, ಎರಡು ಮಾತು ಆಡದೆ ಅವನು ಜಾಗ ಬಿಟ್ಟು ಏಳುತ್ತಿರಲಿಲ್ಲ. ಆ ಎರಡು ಮಾತು ಅರ್ಧ ಗಂಟೆ ಹಿಡಿಯುತ್ತಿತ್ತು. ಅವನ ಊರಾದ ಹರವೆಯಲ್ಲಿ ಅವನಿಗೆ ‘ಸಭೆ ನಂಜುಂಡಪ್ಪ’ ಎಂದೇ ಹೆಸರು. ಅವನು ಅದನ್ನು ಬಿರುದೆಂದು ತಿಳಿದಿದ್ದ. ತಿಳಿದುಕೊಳ್ಳಲಿ ಬಿಡಿ, ಯಾರ ಗಂಟು ಹೋಯಿತು.

ಹೀಗಿರುವಾಗ ಒಂದು ಸಂತೆಯ ದಿನ ಗುಂಡ್ಲುಪೇಟೆಯ ಬೀದಿಗಳಲ್ಲಿ ಆಟೋ ಒಂದು ಕೂಗಿಕೊಂಡು ಓಡಾಡಿತು. ಪಟ್ಟಣದ ಮುಂದಿನ ಇಪ್ಪತ್ತು ವರ್ಷದ ಆರ್ಥಿಕ ಮುನ್ನೋಟ ತಯಾರಾಗುತ್ತಿದೆ, ವ್ಯಾಪಾರ ಹೇಗೆ ಬೆಳೆಯಬೇಕು ಎಂದು ಜನರೇ ಹೇಳಬೇಕು, ಸಂತೆಗೆ ಮಾಲು ತರುವ ಹಳ್ಳಿಯವರೂ ತಪ್ಪದೆ ಬರಬೇಕು ಎಂಬುದು ಅದರ ಸಾರಾಂಶ. ಉಳಿದವರು ಕಿವಿಗೆ ಬಿದ್ದದ್ದನ್ನು ಅಲ್ಲೇ ಬಿಟ್ಟು ಈರುಳ್ಳಿ ಚೀಲ ಇಳಿಸಲು ಹೋದರು. ನಂಜುಂಡಪ್ಪ ಮಾತ್ರ ಆಟೋದ ಹಿಂದೆ ಒಂದು ಬೀದಿ ನಡೆದು ತಾರೀಖು ಕೇಳಿಕೊಂಡು ಬಂದ.

ಅವನ ತಲೆಯಲ್ಲಿ ಒಂದು ಮುನ್ನೋಟ ಆಗಲೇ ಸಿದ್ಧವಾಗಿತ್ತು. ತರಕಾರಿ ಮಾರುಕಟ್ಟೆ ಊರೊಳಗಿನ ಇಕ್ಕಟ್ಟು ಬಿಟ್ಟು ಕೇರಳದ ಹೆದ್ದಾರಿಯ ಪಕ್ಕಕ್ಕೆ ಬರಬೇಕು. ಲಾರಿಗಳು ಸಾಲಾಗಿ ನಿಲ್ಲಬೇಕು. ಹಾಗೆ ನಿಂತ ಲಾರಿಗಳ ಡ್ರೈವರುಗಳು ಹತ್ತಿರದಲ್ಲೇ ಒಂದು ಮೆಸ್ಸಿಗೆ ನುಗ್ಗಿ ಕುಚ್ಚಲಕ್ಕಿ ಅನ್ನ, ಮೀನು ಸಾರು ಉಣ್ಣಬೇಕು. ಆ ಮೆಸ್ಸು ಏಳಬೇಕಾದ ಅರ್ಧ ಎಕರೆ ಹೆದ್ದಾರಿಯ ಅಂಚಿನಲ್ಲಿತ್ತು. ಅದು ಅವನ ಹೆಂಡತಿ ಮಾದಮ್ಮನಿಗೆ ತವರಿನಿಂದ ಬಂದ ಜಮೀನು. ಜಮೀನು ಅವಳದು, ಕನಸು ಇವನದು.

ಸಭೆಗೆ ಮುಂಚೆ ಅವನು ಮನೆಮನೆ ತಿರುಗಿದ. ಹರವೆಯಿಂದ ಸಂತೆಗೆ ಹೋಗುವ ಗಂಡಸರನ್ನೆಲ್ಲ ಒಬ್ಬೊಬ್ಬರನ್ನಾಗಿ ಹಿಡಿದು, ಹೊಸ ಮಾರುಕಟ್ಟೆ ಬಂದರೆ ಈರುಳ್ಳಿಯ ರೇಟು ಎಲ್ಲಿಗೆ ಏರುತ್ತದೆ ಎಂದು ಕೈಯೆತ್ತಿ ತೋರಿಸಿದ. ಹೆಂಗಸರನ್ನು ಕೇಳಬೇಕೆಂದು ಅವನಿಗೆ ಹೊಳೆಯಲಿಲ್ಲ. ಹೆಂಗಸರ ಪರವಾಗಿಯೂ ತಾನೇ ಮಾತಾಡುತ್ತೇನಲ್ಲ ಎಂಬುದು ಅವನ ಲೆಕ್ಕ.

ಹಾಗೆ ನೋಡಿದರೆ ಮಾದಮ್ಮನ ವಿಷಯದಲ್ಲಿ ಅವನಿಗೆ ಒಂದು ಹೆಮ್ಮೆಯಿತ್ತು, ಒಂದು ಕೊರಗಿತ್ತು. ಹೆಮ್ಮೆ ಏನೆಂದರೆ ಅವಳ ಒಪ್ಪತ್ತು. ಮದುವೆಯಾದ ಹೊಸದರಲ್ಲಿ, ಅವಳು ಮೊದಲ ಸಲ ಸಂತೆಗೆ ಬಂದ ದಿನ, ನಂಜುಂಡಪ್ಪ ಪಕ್ಕದ ಹೋಟೆಲಿನಿಂದ ಬಿಸಿ ಕಾಫಿ ತಂದುಕೊಟ್ಟಿದ್ದ. ಅವಳು ಬೇಡವೆಂದಳು. ಯಾಕೆ, ಮಾದಪ್ಪನ ಒಪ್ಪತ್ತಾ ಎಂದು ಕೇಳಿದ. ಹೂಂ ಎಂದಳು. ಅಂದಿನಿಂದ ಸಂತೆಯ ದಿನ ಬೆಳಗಿನ ಜಾವ ಮನೆ ಬಿಟ್ಟರೆ ತಿರುಗಿ ಮನೆ ಸೇರುವವರೆಗೆ ಅವಳು ಕಾಫಿಯಿರಲಿ, ನೀರನ್ನೂ ಬಾಯಿಗೆ ಸೋಕಿಸುತ್ತಿರಲಿಲ್ಲ. ಮಲೆ ಮಾದಪ್ಪನ ಮೇಲೆ ಇಷ್ಟು ಭಕ್ತಿಯಿಟ್ಟ ಹೆಂಡತಿ ಯಾರಿಗುಂಟು ಎಂದು ಅವನು ಬೀಗರ ಮುಂದೆಲ್ಲ ಹೇಳಿಕೊಂಡಿದ್ದ. ಕೊರಗು ಏನೆಂದರೆ ಅವಳಿಗೆ ವ್ಯಾಪಾರ ಬರದು ಎಂಬುದು. ಬಿಸಿಲು ಏರುವಷ್ಟರಲ್ಲಿ ಬೀನ್ಸು, ಟೊಮೇಟೊ ಎಲ್ಲವನ್ನೂ ಕೇಳಿದ ಬೆಲೆಗೆ ಕೊಟ್ಟು ಕೈತೊಳೆದುಕೊಂಡು ಎದ್ದುಬಿಡುತ್ತಿದ್ದಳು. ಇನ್ನೊಂದು ಗಳಿಗೆ ಕೂತಿದ್ದರೆ ನಾಲ್ಕು ಕಾಸು ಜಾಸ್ತಿ ಬರುತ್ತಿತ್ತಲ್ಲ ಎಂದು ಅವನು ಬೈಯುವುದು, ಅವಳು ಸುಮ್ಮನಿರುವುದು, ಇದು ಪ್ರತಿ ಸಂತೆಯ ಮಾತು.

ಸಭೆ ಪಟ್ಟಣದ ಸಮುದಾಯ ಭವನದಲ್ಲಿ ನಡೆಯಿತು. ನಡೆಸಲು ಬಂದವಳು ಮೇಘನಾ ಎಂಬ ಹುಡುಗಿ. ಹರದನಹಳ್ಳಿಯವಳು, ಓದಿ ಯೋಜನೆಯ ತಂಡದಲ್ಲಿ ಕೆಲಸಕ್ಕೆ ಸೇರಿದ್ದಳು. ಗೋಡೆಗೆ ಅಂಟಿಸಿದ್ದ ಚಿತ್ರದಲ್ಲಿ ಗುಂಡ್ಲುಪೇಟೆ ಗಾಜಿನ ಕಟ್ಟಡಗಳಿಂದ ತುಂಬಿಹೋಗಿ ಗುರುತೇ ಸಿಗದಂತಿತ್ತು. ಮೇಘನಾ ಮೊದಲು ಅದನ್ನು ಕಿತ್ತು ಸುತ್ತಿಟ್ಟಳು. ಆಮೇಲೆ ಎಲ್ಲರ ಕೈಗೂ ಮೂರು ಮೂರು ಅವರೆ ಬೀಜ ಕೊಟ್ಟಳು.

“ಈ ಕುಡಿಕೆಗಳ ಮೇಲೆ ಒಂದೊಂದು ಕೆಲಸದ ಚಿತ್ರ ಇದೆ. ನಿಮಗೆ ಯಾವುದು ಮೊದಲು ಆಗಬೇಕೋ ಅದಕ್ಕೆ ಬೀಜ ಹಾಕಿ. ಯಾವುದಕ್ಕೆ ಜಾಸ್ತಿ ಬೀಳ್ತದೋ ಅದು ಮೊದಲನೇ ವರ್ಷದ ಕೆಲಸ. ಮಿಕ್ಕಿದ್ದು ಆಮೇಲೆ. ನಾವು ಯೋಚನೆ ಮಾಡದೆ ಇರೋದು ಏನಾದ್ರೂ ಇದ್ರೆ ಚಿತ್ರ ಇಲ್ಲದ ಕುಡಿಕೆಗೆ ಹಾಕಿ ಹೇಳಿ,” ಎಂದಳು. ಗಂಡಸರಿಗೆ ಹಜಾರ, ಹೆಂಗಸರಿಗೆ ಪಕ್ಕದ ಕೋಣೆ. ಸಂತೆಯ ಹೆಂಗಸರ ಜೊತೆ ಮಾದಮ್ಮನೂ ಒಳಗೆ ಹೋದಳು.

ಹಜಾರದ ಕೆಲಸ ಬೇಗ ಮುಗಿಯಿತು. ನಂಜುಂಡಪ್ಪ ಕಣ್ಣಲ್ಲೇ ಸನ್ನೆ ಮಾಡುತ್ತಾ ನಿಂತಿದ್ದ, ಹೊಸ ಮಾರುಕಟ್ಟೆಯ ಕುಡಿಕೆ ಕಂಠದವರೆಗೆ ತುಂಬಿತು. ಅವನ ಗೆಳೆಯ ದೊಡ್ಡಯ್ಯ ಮಾತ್ರ ಬೀಜಗಳನ್ನು ಮೂಸಿ ನೋಡಿ ಮೆಲ್ಲಗೆ ಸೊಂಟದ ಚೀಲಕ್ಕೆ ಸೇರಿಸಿದ.

“ಏನ್ಲಾ ಮಾಡ್ತಿದ್ದೀಯ?” ಎಂದ ನಂಜುಂಡಪ್ಪ.

“ಒಳ್ಳೆ ನಾಟಿ ಅವರೆ ಕಣ್ಲಾ. ಇಂಥ ಬೀಜವ ಕುಡ್ಕೇಲಿ ಹಾಕ್ಬುಟ್ಟು ಏನ್ ಮಾಡನ? ಬದಿನ ಮ್ಯಾಲೆ ಹಾಕುದ್ರೆ ಬಳ್ಳಿ ಆದ್ರೂ ಆಯ್ತದೆ.”

ನಂಜುಂಡಪ್ಪ ನಕ್ಕು ಬಿಟ್ಟುಬಿಟ್ಟ. ತನ್ನ ಮೂರು ಬೀಜಗಳನ್ನು ಅವನೂ ಇನ್ನೂ ಹಾಕಿರಲಿಲ್ಲ. ಎಲ್ಲರೂ ಸೇರಿದ ಮೇಲೆ, ಎರಡು ಮಾತಾಡಿ, ನಾಲ್ಕು ಜನ ನೋಡುವಂತೆ ಹಾಕಬೇಕೆಂದು ಮುಷ್ಟಿಯಲ್ಲಿ ಹಿಡಿದಿದ್ದ.

ಹೆಂಗಸರ ಕೋಣೆಯ ಬಾಗಿಲು ಬಹಳ ಹೊತ್ತು ತೆರೆಯಲಿಲ್ಲ. ಒಳಗಿನಿಂದ ಒಮ್ಮೆ ಗುಸುಗುಸು, ಒಮ್ಮೆ ಗೊಳ್ಳೆಂಬ ನಗು. ಕೊನೆಗೆ ಅವರು ಹೊರಗೆ ಬಂದು ಸಾಲಾಗಿ ಕೂತರು. ಅವರ ಬೀಜವೆಲ್ಲ ಚಿತ್ರವಿಲ್ಲದ ಕುಡಿಕೆಯಲ್ಲಿತ್ತು. ಮೇಘನಾ ಅದನ್ನು ಮೇಜಿನ ಮೇಲಿಟ್ಟು ಎಲ್ಲರಿಗೂ ಕೇಳುವಂತೆ, “ಸಂತೆ ದಿನ ಪೇಟೆಗೆ ಬಂದ ಮೇಲೆ ಕಾಫಿನೋ ನೀರೋ ಕುಡಿಯೋ ಹೆಂಗಸರು ಕೈ ಎತ್ತಿ,” ಎಂದಳು.

ಒಂದು ಕೈಯೂ ಏಳಲಿಲ್ಲ.

ಇದಕ್ಕಿಂತ ಒಳ್ಳೆಯ ಸಮಯ ಬೇಕೆ? ನಂಜುಂಡಪ್ಪ ಎದ್ದು ಹೋಗಿ ಮೈಕು ಹಿಡಿದ.

“ಮೇಡಂ, ನಮ್ಮ ಕಡೆ ಹೆಂಗಸ್ರ ಭಕ್ತಿ ನಿಮ್ಗೆ ಗೊತ್ತಿಲ್ಲ. ನಮ್ಮನೆಯವ್ಳನ್ನೇ ತಗಳಿ. ಸಂತೆ ದಿನ ಮಾದಪ್ಪನ ಒಪ್ಪತ್ತು. ಮದ್ವೆ ಆದಾಗ್ಲಿಂದ ಒಂದ್ ಸಂತೆನೂ ತಪ್ಸಿಲ್ಲ. ಒಂದ್ ತೊಟ್ಟು ನೀರ್ ಕುಡಿಯಲ್ಲ. ಇಂಥ ಹೆಂಗಸ್ರು ಇರೋದ್ಕೇ ಈ ಸಂತೆ ಇಷ್ಟ್ ಚೆನ್ನಾಗಿ ನಡೀತಾ ಅದೆ.”

ಹೆಂಗಸರ ಕಡೆಯಿಂದ ಒಂದು ನಗು ಎದ್ದಿತು. ಒಬ್ಬಳು ಸೆರಗು ಬಾಯಿಗಿಟ್ಟುಕೊಂಡಳು, ಇನ್ನೊಬ್ಬಳು ಪಕ್ಕದವಳ ತೊಡೆಗೆ ಬಡಿದಳು. ಮಾದಮ್ಮ ಒಬ್ಬಳೇ ನಗಲಿಲ್ಲ. ಅವಳು ತನ್ನ ಕಾಲಿನ ಉಂಗುರ ನೋಡುತ್ತಾ ಕೂತಿದ್ದಳು.

ಸೊಪ್ಪು ಮಾರುವ ಮುದುಕಿ ಚಿಕ್ಕನಿಂಗಮ್ಮ ಕೂತಲ್ಲಿಂದಲೇ ಹೇಳಿದಳು. ಅವಳಿಗೆ ಮೈಕು ಬೇಕಿರಲಿಲ್ಲ.

“ಅಯ್ಯೋ ಬುಡು ನಂಜುಂಡಪ್ಪ. ಮಾದಪ್ಪಂಗೆ ಬ್ಯಾರೆ ಕೆಲ್ಸ ಇಲ್ವಾ, ನಮ್ ಕಾಪಿ ಮ್ಯಾಲೆ ಕಣ್ಣಾಕಕೆ? ಕುಡುದ್ರೆ ಎದ್ದೋಗ್ಬೇಕಾಯ್ತದೆ. ಎಲ್ಲಿಗೋಗಾದು? ಬಸ್‌ಸ್ಟ್ಯಾಂಡ್‌ಗಂಟ ಓಗಿ ಬರಾದ್ರಾಗೆ ದನ ಸೊಪ್ ಮೇದು ಜಾಗಕ್ಕೆ ಇನ್ನೊಬ್ಬ ಬಂದು ಕೂತಿರ್ತಾನೆ. ಅದ್ಕೇ ಎಲ್ರುದೂ ಒಂದೇ ಒಪ್ಪತ್ತು. ನಾನು ಶನಿದೇವ್ರು ಅಂದಿದ್ದೆ ನಮ್ಮನೇಲಿ. ನಿನ್ನೆಂಡ್ರು ಮಾದಪ್ಪ ಅಂದವ್ಳೆ.”

ಈ ಸಲ ಗಂಡಸರೂ ನಕ್ಕರು. ಆದರೆ ಮುದುಕಿ ಇನ್ನೂ ಮುಗಿಸಿರಲಿಲ್ಲ.

“ಬಾಯೊಣಗುಸ್ಕಂಡು ಎಷ್ಟೊತ್ ಕೂರದು? ಬಿಸ್ಲೇರ್ತಿದ್ದಂಗೆ ತಲೆ ಸುತ್ತದೆ, ಹೊಟ್ಟೆ ಹಿಂಡ್ತದೆ. ಸಿಕ್ಕುದ್ ರೇಟ್ಗೆ ಕೊಟ್ಬುಟ್ಟು ಎದ್ದೋಯ್ತೀವಿ. ಮನೇಗೋದ್ರೆ ವ್ಯಾಪಾರ ಬರಲ್ಲ ಅಂತ ಬೈಸ್ಕತ್ತೀವಿ. ನಂಗೊತ್ತಿರೋ ಮುನ್ನೋಟ ಇಷ್ಟೇ ಕಣವ್ವ. ಸಂತೆ ಪಕ್ಕದಲ್ಲೇ ನಾಕ್ ಗ್ವಾಡೆ, ಒಳಗಡೆ ಒಂದ್ ಚಿಲ್ಕ, ಒಂದ್ ನಲ್ಲಿ, ಕೂರಕ್ಕೊಂದ್ ಜಗ್ಲಿ.”

ನಗು ನಿಂತಿತು. ನಂಜುಂಡಪ್ಪ ಮೈಕು ಹಿಡಿದೇ ನಿಂತಿದ್ದ. ವ್ಯಾಪಾರ ಬರದು ಎಂಬ ಮಾತು ಅವನ ಬಾಯಿಂದ ಎಷ್ಟು ಸಂತೆಗಳಲ್ಲಿ ಬಂದಿತ್ತೋ ಅವನಿಗೇ ಗೊತ್ತು. ಊರಿನ ಕಷ್ಟ ಸುಖವೆಲ್ಲ ತನ್ನ ನಾಲಗೆಯ ತುದಿಯಲ್ಲಿದೆ ಎಂದುಕೊಂಡವನಿಗೆ, ತನ್ನ ಪಕ್ಕದಲ್ಲಿ ಮಲಗುವವಳ ಬಾಯಾರಿಕೆ ಗೊತ್ತಿರಲಿಲ್ಲ. ದೀಪದ ಬುಡ ಕತ್ತಲೆ ಎನ್ನುತ್ತಾರಲ್ಲ, ಅದು ಇದೇ. ನಾಚಿಕೆಯೂ ಆಯಿತು, ಅಳುವೂ ಬಂತು. ಅಷ್ಟು ಜನರೆದುರು ಅಳಲಾರದೆ ಅವನು ಮೈಕನ್ನು ಕೆಳಗಿಟ್ಟ. ಮಾತನ್ನು ಅರ್ಧಕ್ಕೇ ನಿಲ್ಲಿಸಿ ಅವನು ಮೈಕು ಇಟ್ಟದ್ದು ಅದೇ ಮೊದಲು.

ಮುಷ್ಟಿ ಬಿಚ್ಚಿದರೆ ಬೀಜಗಳು ಬೆವರಿಗೆ ಒದ್ದೆಯಾಗಿದ್ದವು. ಎದುರಿಗೆ ಎರಡು ಕುಡಿಕೆ. ಒಂದು ಕಂಠದವರೆಗೆ ತುಂಬಿದ ಅವನ ಕನಸು. ಗಂಡಸರೇ ಹೆಚ್ಚಿದ್ದರಿಂದ ಹೆಂಗಸರದು ಮುಕ್ಕಾಲಿಗೆ ನಿಂತಿತ್ತು. ಅವನು ಸುಮ್ಮನಿದ್ದರೂ ಮಾರುಕಟ್ಟೆಯೇ ಗೆಲ್ಲುತ್ತಿತ್ತು, ಮೆಸ್ಸಿಗೆ ಪಾಯ ತೆಗೆಯಬಹುದಿತ್ತು. ನಂಜುಂಡಪ್ಪ ಮೂರು ಬೀಜವನ್ನೂ ಹೆಂಗಸರ ಕುಡಿಕೆಗೆ ಹಾಕಿ ಬಂದು ಕೂತ.

ದೊಡ್ಡಯ್ಯ ಒಂದು ಗಳಿಗೆ ಗೆಳೆಯನ ಮುಖ ನೋಡಿದ. ಆಮೇಲೆ ಸೊಂಟದ ಚೀಲ ಬಿಚ್ಚಿ, “ಓಗ್ಲಿ, ಇದ್ಕಾದ್ರೆ ಹಾಕ್ಬೋದು,” ಎಂದು ತನ್ನ ನಾಟಿ ಅವರೆಯನ್ನು ತ್ಯಾಗ ಮಾಡಿದ. ಹಿಂದಿನ ಸಾಲಿನಲ್ಲಿದ್ದವನೊಬ್ಬ ತನ್ನ ಬೀಜ ವಾಪಸ್ ತೆಗೆದು ಬೇರೆ ಕಡೆ ಹಾಕಬಹುದೇ ಎಂದು ಕೇಳಿದ. ಇನ್ನೂ ಲೆಕ್ಕ ಆಗಿಲ್ಲ, ಯಾರು ಬೇಕಾದರೂ ಬದಲಾಯಿಸಬಹುದು ಎಂದಳು ಮೇಘನಾ. ಒಬ್ಬೊಬ್ಬರಾಗಿ ಎದ್ದರು. ಎಲ್ಲರೂ ಏಳಲಿಲ್ಲ. ಕೆಲವರು, “ನಮ್ಮನ್ನೆಲ್ಲ ಒಪ್ಸ್ಬುಟ್ಟು ಈಗ ನೀನೇ ತಿರುಗ್ದೆಯಲ್ಲೋ,” ಎಂದು ನಂಜುಂಡಪ್ಪನನ್ನು ಮುಖದ ಮೇಲೇ ಬೈದರು. ಅವನು ತಲೆ ತಗ್ಗಿಸಿ ಬೈಸಿಕೊಂಡ. ಕೊನೆಗೆ ನಾಲ್ಕು ಗೋಡೆ ಮೊದಲನೆಯ ವರ್ಷಕ್ಕೆ ಬಂತು, ಹೆದ್ದಾರಿಯ ಮಾರುಕಟ್ಟೆ ಮುಂದಕ್ಕೆ ಹೋಯಿತು.

ಊರಿಗೆ ಹಿಂದಿರುಗುವ ಬಸ್ಸಿನಲ್ಲಿ ಗಂಡ ಹೆಂಡತಿ ಅಕ್ಕಪಕ್ಕ ಕೂತರು. ಊರು ಹತ್ತಿರ ಬಂದಾಗ ನಂಜುಂಡಪ್ಪ ಕಿಟಕಿ ಕಡೆ ನೋಡುತ್ತಾ, “ಅದ್ ಕಟ್ಟಾಗಂಟ ಸಂತೆ ದಿನ ನಾನೂ ಒಪ್ಪತ್ತು ಕಣಮ್ಮಿ,” ಎಂದ.

ಮಾದಮ್ಮ ಮೊದಲ ಸಲ ನಕ್ಕಳು. “ನಿಮ್ದೇನ್ ಒಪ್ಪತ್ತು? ಎಲ್ಲಾದ್ರೂ ಒಂದ್ ಗ್ವಾಡೆ ಮರೆ ಸಿಕ್ಕುದ್ರೆ ನಿಮ್ಗೆ ಸಾಕು.”

ನಿಜವೇ. ಆದರೂ ಅವನು ಹಟ ಬಿಡಲಿಲ್ಲ. ಸಂತೆಯ ದಿನ ಬೆಳಗ್ಗೆ ಕಾಫಿಯಿಲ್ಲದ ನಂಜುಂಡಪ್ಪನೆಂದರೆ ಮೂಗುದಾರ ಹರಿದ ಎತ್ತು. ಎದುರಿಗೆ ಬಂದವರ ಮೇಲೆಲ್ಲ ಹಾಯುತ್ತಿದ್ದ. ಬಿಸಿಲೇರಿ ತಲೆ ಸುತ್ತುವ ಹೊತ್ತಿಗೆ ಸರಿಯಾಗಿ ಪಟ್ಟಣದ ಕಚೇರಿಗೆ ಹೋಗಿ, ನಾಲ್ಕು ಗೋಡೆ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದ. ಅಲ್ಲಿಯವರು ಕಾಫಿ ತರಿಸಿದರೆ ಕುಡಿಯುತ್ತಿರಲಿಲ್ಲ, ಯಾಕೆ ಕುಡಿಯುವುದಿಲ್ಲ ಎಂಬುದನ್ನು ಎರಡು ಮಾತಿನಲ್ಲಿ ಹೇಳುತ್ತಿದ್ದ. ಆ ಎರಡು ಮಾತು ಅರ್ಧ ಗಂಟೆ ಹಿಡಿಯುತ್ತಿತ್ತು. ಅವನ ಬಾಯಿಯಿಂದ ಊರಿಗೆ ಉಪಕಾರವಾದದ್ದು ಆಗ ಎಂದು ದೊಡ್ಡಯ್ಯ ಇವತ್ತಿಗೂ ಹೇಳುತ್ತಾನೆ. ಮೇಘನಾ ಕೂಡ ಒಂದೊಂದು ಕಾಗದದ ಹಿಂದೆ ತಾನೇ ಓಡಾಡಿದಳು.

ಗೋಡೆ ಎದ್ದಿತು. ಸ್ವಲ್ಪ ತಡವಾಗಿ, ಆದರೆ ಎದ್ದಿತು. ಟೇಪು ಕತ್ತರಿಸುವ ದೊಡ್ಡವರು ಬರಲು ಹೊತ್ತಾಯಿತು. ಅಷ್ಟರಲ್ಲಿ ಚಿಕ್ಕನಿಂಗಮ್ಮ ಟೇಪಿನ ಕೆಳಗೆ ನುಸುಳಿ ಒಳಗೆ ಹೋಗಿ, ಚಿಲಕ ಹಾಕಿ ತೆಗೆದು ಪರೀಕ್ಷೆ ಮಾಡಿ, ಹೊರಗೆ ಬಂದು ಜಗಲಿಯ ಮೇಲೆ ಕಾಲು ಚಾಚಿ ಕೂತಾಗಿತ್ತು.

ಅಂದು ಬಿಸಿಲೇರಿದರೂ ಮಾದಮ್ಮ ಎದ್ದಿರಲಿಲ್ಲ. ಒಬ್ಬ ಮಲಯಾಳಿ ವ್ಯಾಪಾರಿ ಬೀನ್ಸಿನ ಬುಟ್ಟಿಯ ಮುಂದೆ ಕೂತು, “ಕೊರಚ್ಚು, ಸ್ವಲ್ಪ ಕಡಿಮೆ ಮಾಡಿ ಚೇಚಿ, ಅಕ್ಕಾ,” ಎಂದು ಗೋಗರೆಯುತ್ತಿದ್ದ. ಅವಳು ಆರಾಮವಾಗಿ ಕೂತು ಆಗುವುದಿಲ್ಲ ಎಂದು ತಲೆಯಾಡಿಸುತ್ತಿದ್ದಳು. ನಂಜುಂಡಪ್ಪ ಎರಡು ಲೋಟ ಕಾಫಿ ಹಿಡಿದು ಬಂದು ದೂರದಲ್ಲೇ ನಿಂತು ನೋಡಿದ. ವ್ಯಾಪಾರಿ ಸೋತು ಅವಳು ಹೇಳಿದ ಬೆಲೆಯನ್ನೇ ಕೊಟ್ಟು ಹೋದ. ಇಷ್ಟು ಚೆನ್ನಾಗಿ ಚೌಕಾಸಿ ಮಾಡುವ ಹೆಂಡತಿ ತನಗಿದ್ದಾಳೆಂದು ನಂಜುಂಡಪ್ಪನಿಗೆ ಗೊತ್ತಿರಲಿಲ್ಲ.

ಅವನು ಹತ್ತಿರ ಬಂದು ಒಂದು ಲೋಟ ಅವಳ ಕೈಗಿಟ್ಟ. ಅವಳು ಆತುರವಿಲ್ಲದೆ ಒಂದು ಗುಟುಕು ಕುಡಿದಳು. ಅದನ್ನು ನೋಡಿದ ಮೇಲೆ ಅವನೂ ಕುಡಿದ.

“ಹಿಂಗೆ ಒಪ್ಪತ್ತು ಮುರುದ್ಬುಟ್ಟೆಯಲ್ಲ,” ಎಂದು ಚೇಷ್ಟೆ ಮಾಡಿದ. “ಮಾದಪ್ಪಂಗೆ ಏನ್ ಹೇಳ್ತೀಯಾ?”

ಮಾದಮ್ಮ ಲೋಟದ ತಳದವರೆಗೆ ಕುಡಿದು, ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡು, ಖಾಲಿ ಲೋಟವನ್ನು ಅವನ ಕೈಗೆ ಕೊಟ್ಟಳು.

“ಮಾದಪ್ಪಂಗೆ ಏನ್ ಹೇಳದು? ಅವನ್ಗೆ ಮೊದ್ಲಿಂದ್ಲೂ ಗೊತ್ತು. ಸುಳ್ ಹೇಳಿದ್ದು ನಿಮ್ಗೆ ಒಬ್ರಿಗೇ.”