ಕೆಂಪಾದ ಕೊಳ

ದುಗ್ಗಮ್ಮನ ಮನೆ ಹಿಂದಿನ ಕನ್ನೆಹೊಳೆಗೆ ಒಂದು ಕೆಟ್ಟ ಚಾಳಿ. ಬಟ್ಟೆ ಒಗೆಯುವ ಕಲ್ಲು ದಾಟಿ, ಎಮ್ಮೆಮಡುವಿನಲ್ಲಿ ಒಂದು ಸುತ್ತು ಹಾಕಿ, ಬಿಲಬಂಡೆಯ ಬುಡಕ್ಕೆ ಬಂದದ್ದೇ ಮಂಗಮಾಯ! ಆಚೆ ಒಂದು ಹನಿಯೂ ಕಾಣದು. ಮದುವೆಯಾಗಿ ಬಂದಾಗಿನಿಂದ ಮೂವತ್ತು ವರ್ಷ ಅವಳದು ಒಂದೇ ಪ್ರಶ್ನೆ: "ಇದು ಹೋಗದೆಲ್ಲಿಗೆ?" ಗಂಡ ಗುತ್ಯಪ್ಪನದೂ ಒಂದೇ ಉತ್ತರ: "ಎಲ್ಲಿಗಾದ್ರೂ ಹೋಗ್ಲಿ ಬಿಡೇ, ನಿಂಗೆ ಹೇಳಿ ಹೋಗ್ಬೇಕಿತ್ತಾ?"

ಈ ಸಲ ಅಡಿಕೆ ಬೇಯಿಸುವ ಮುಂಚೆ ಹಳೆಯ ಚೊಗರಿನ ಡ್ರಮ್ಮುಗಳ ಮುಚ್ಚಳ ತೆಗೆದರೆ ಬರೀ ಬೂಷ್ಟು. ಅಡಿಕೆಗೆ ಬಣ್ಣ ಕೊಡುವ ಆ ಕೆಂಪು ರಸವನ್ನು ಎರಡು ಡ್ರಮ್ ಪೂರ್ತಿ ದುಗ್ಗಮ್ಮ ಹೊಳೆಗೆ ಸುರಿದಳು.

ಮರುದಿನ ಊರೆಲ್ಲ ಗುಲ್ಲು. ಗುಡ್ಡದ ಆಚೆಯ ದೇವಿಕೊಳ ಕೆಂಪಾಗಿದೆಯಂತೆ! ಅಮ್ಮ ಮುನಿದಿದ್ದಾಳೆ, ಶಾಂತಿ ಆಗುವವರೆಗೆ ಯಾರೂ ಇಳಿಯಬಾರದಂತೆ. ಹೊಳೆ ಹೋಗುವುದೆಲ್ಲಿಗೆಂದು ದುಗ್ಗಮ್ಮನಿಗೆ ಆ ಕ್ಷಣ ಗೊತ್ತಾಯಿತು. ಗಂಡನ ಮಂಡಿನೋವಿಗೆ ಹೊಸನಗರದಲ್ಲಿ ಬಸ್ ಬದಲಿಸಿ, ಪ್ರತಿ ಅಮಾವಾಸ್ಯೆ ಅವಳು ಬಾಟಲಿಯಲ್ಲಿ ತರುತ್ತಿದ್ದುದು ಅದೇ ಕೊಳದ ತೀರ್ಥ.

"ಬಾಯಿ ಬಿಡ್ಬೇಡ" ಅಂದ ಗುತ್ಯಪ್ಪ. "ದೇವಿಕೊಳ ಕೆಡಿಸಿದೋಳು ಅಂತ ಊರೇ ಮೈಮೇಲೆ ಬರ್ತದೆ."

ಹೆದರಿಕೆ ಅವಳಿಗೂ ಇತ್ತು. ಆದರೆ ಮೂವತ್ತು ವರ್ಷ ಹುಡುಕಿದ ಉತ್ತರ ಕೈಗೆ ಸಿಕ್ಕಾಗ ಬಾಯಿಗೆ ಬೀಗ ಹಾಕಿಕೊಳ್ಳುವುದು ಯಾರ ಕೈಲಾದೀತು? ಬಸ್ ಹತ್ತಿಯೇಬಿಟ್ಟಳು.

ಕೊಳದ ಮೆಟ್ಟಿಲ ಮೇಲೆ ಅರ್ಚಕ ಮುಕುಂದಯ್ಯ ತಲೆ ಮೇಲೆ ಕೈ ಹೊತ್ತು ಕೂತಿದ್ದರು.

"ಅಯ್ಯಾ, ಒಂದು ಹನಿ ನಾಲಿಗೆಗೆ ಹಾಕ್ಕಂಡು ನೋಡ್ರಿ."

ಅನುಮಾನಿಸುತ್ತಲೇ ಹಾಕಿಕೊಂಡರು. ಅಡಿಕೆ ಊರಿನ ನಾಲಿಗೆ, ಒಗರು ತಾಗಿದ ಕೂಡಲೇ ಗುರುತು ಹಿಡಿಯಿತು. "ಚೊಗರು!"

"ನಮ್ದೇ. ತಪ್ಪಾತು." ದುಗ್ಗಮ್ಮ ಡ್ರಮ್ಮು, ಹೊಳೆ, ಬಿಲಬಂಡೆ ಎಲ್ಲವನ್ನೂ ಹೇಳಿದಳು.

ಮುಕುಂದಯ್ಯ ಮೆಟ್ಟಿಲಿಂದ ಎದ್ದರು. "ಆ ಹೊಳೇಲಿ ನೀವು ಎಂತ ಮಾಡ್ತೀರಿ?"

"ಬಟ್ಟೆ ಒಗೀತೀವಿ. ಎಮ್ಮೆ ಮೈ ತೊಳೀತೀವಿ."

ಗುಡಿಯೊಳಗೆ ಹೋದವರು ಹೊರಗೆ ಬರಲಿಲ್ಲ. ಬೈಗುಳಕ್ಕೆ ಕಾದು ಕಾದು, ಅದೂ ಸಿಗದೆ ದುಗ್ಗಮ್ಮ ಮನೆಗೆ ಬಂದಳು.

ಬೆಳಿಗ್ಗೆ ಅವಳು ಗಂಡನ ಪಂಚೆಗೆ ಸೋಪು ಹಚ್ಚುತ್ತಿದ್ದಾಗ ದಂಡೆಯ ಮೇಲೆ ಮುಕುಂದಯ್ಯ ನಿಂತಿದ್ದರು, ಕೈಯಲ್ಲಿ ತೀರ್ಥದ ತಾಮ್ರದ ತಂಬಿಗೆ. ಒಗೆಯುವ ಕಲ್ಲಿನ ಹತ್ತಿರ ಬಂದವರು ಚಪ್ಪಲಿ ಬಿಟ್ಟರು, ಹೊಳೆಗೆ ಕೈ ಮುಗಿದರು.

"ಅಯ್ಯೋ, ಚಪ್ಪಲಿ ಹಾಕ್ಕಳಿ ಅಯ್ಯಾ, ಮುಳ್ಳಿದಾವೆ" ಅನ್ನುತ್ತಾ ದುಗ್ಗಮ್ಮ, ಕೈಯಲ್ಲಿದ್ದ ಸೋಪನ್ನು ಎಲ್ಲಿಡುವುದೆಂದು ತಿಳಿಯದೆ ಸೆರಗಿನಲ್ಲಿ ಮುಚ್ಚಿಟ್ಟುಕೊಂಡಳು.