ಮೂವತ್ತೆರಡನೇ ಕಾರ್ಡು

ವಿಶ್ವವಿದ್ಯಾಲಯದಲ್ಲಿ ನನ್ನ ಪಾಠಕ್ಕೆ ಎರಡೇ ಕ್ರೆಡಿಟ್ಟು. 'ದೈಹಿಕ ಶಿಕ್ಷಣ ಮತ್ತು ಸ್ವಾಸ್ಥ್ಯ' ಎಂಬ ಹೆಸರನ್ನು ಪೂರ್ತಿ ಓದಿದ ವಿದ್ಯಾರ್ಥಿಯನ್ನು ಇಪ್ಪತ್ತಾರು ವರ್ಷದಲ್ಲಿ ನಾನು ಕಂಡಿಲ್ಲ. ನನ್ನನ್ನು ಸೀಟಿ ಮೇಡಂ ಎನ್ನುತ್ತಾರೆ, ಅದೂ ನನಗೆ ಕೇಳಿಸುವ ಹಾಗೆ. ಆದರೆ ಇದರಲ್ಲಿ ಪಾಸಾಗದೆ ಪದವಿ ಸಿಗುವುದಿಲ್ಲವಾದ್ದರಿಂದ ಎಲ್ಲರೂ ಮೂಗು ಮುರಿಯುತ್ತಲೇ ಬರುತ್ತಾರೆ.

ಪ್ರತಿ ಮಂಗಳವಾರ ಬೆಳಿಗ್ಗೆ ಕೆಲಸ ಒಂದೇ. ಮೊಣಕಾಲೆತ್ತರದ ಮರದ ಹಲಗೆಯನ್ನು ಮೂರು ನಿಮಿಷ ಹತ್ತಿಳಿಯಬೇಕು, ಕೂರಬೇಕು, ಜೋಡಿಯವರು ಮಣಿಕಟ್ಟು ಹಿಡಿದು ಹದಿನೈದು ಸೆಕೆಂಡು ನಾಡಿ ಎಣಿಸಬೇಕು. ಬಂದದ್ದನ್ನು ನಾಲ್ಕರಿಂದ ಗುಣಿಸಿ ಕಾರ್ಡಿನಲ್ಲಿ ಬರೆಯಬೇಕು. ಕಾರ್ಡಿನ ಮೇಲೆ ಹೆಸರಿಲ್ಲ, ಕ್ರಮಸಂಖ್ಯೆ ಮಾತ್ರ.

ಐದನೇ ವಾರ ಕಾರ್ಡುಗಳನ್ನು ತಿರುವಿ ಹಾಕುತ್ತಿದ್ದಾಗ ನನಗೆ ಮೈಯೆಲ್ಲ ಉರಿಯಿತು. ಒಂದು ಜೋಡಿಯ ಎರಡೂ ಕಾರ್ಡುಗಳಲ್ಲಿ ಒಂದೇ ಅಂಕಿಗಳು: ಎಪ್ಪತ್ತಾರು, ಎಂಬತ್ತನಾಲ್ಕು, ತೊಂಬತ್ತೆರಡು, ನೂರಾನಾಲ್ಕು, ನೂರಾಹದಿನಾರು. ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರನ್ನು ನೋಡಿದ್ದೇನೆ, ನಾಡಿಯಲ್ಲೂ ಕಾಪಿಯೇ!

ಒಂದು ಕಾರ್ಡು ನಾನು ಚಿನಕುರುಳಿ ಎಂದು ಕರೆಯುವ ಹುಡುಗಿಯದು. ಮೊದಲ ವಾರ ಹಲಗೆ ಹತ್ತುತ್ತಲೇ ಪಟಪಟ ಮಾತಾಡಿದವಳು. ಈಗೀಗ ಎರಡನೇ ನಿಮಿಷಕ್ಕೇ ಗೋಡೆ ಹಿಡಿಯುತ್ತಿದ್ದಳು, ತುಟಿ ಬಿಳಿಚಿಕೊಳ್ಳುತ್ತಿತ್ತು. ಕ್ಯಾಂಪಸ್ಸಿನ ವೈದ್ಯರಲ್ಲಿಗೆ ಕಳಿಸಿದೆ. ಎಲ್ಲ ಸರಿಯಿದೆ ಎಂದು ಬರೆದುಕೊಟ್ಟರು. ನನಗೆ ಸಮಾಧಾನವಾಗಲಿಲ್ಲ. ವಾರವಾರವೂ ಹೀಗೆ ಏರಿದರೆ ಈ ಮಗುವಿನ ಎದೆ ಎಷ್ಟು ದಿನ ತಡೆದೀತು?

ಮರುವಾರ ಆ ಜೋಡಿಯ ಎದುರಿಗೇ ಹೋಗಿ ನಿಂತೆ. "ಎಲ್ಲಿ, ನನ್ನ ಮುಂದೆ ಎಣಿಸಿ ನೋಡೋಣ."

ಚಿನಕುರುಳಿ ಗೆಳತಿಯ ಮಣಿಕಟ್ಟು ಹಿಡಿದು, ಹೆಬ್ಬೆರಳು ಒತ್ತಿ ಎಣಿಸತೊಡಗಿದಳು.

"ಅಯ್ಯೋ ಪೆದ್ದಿ! ಹೆಬ್ಬೆರಳು ಇಡಬಾರದು ಅಂತ ಎಷ್ಟು ಸಲ ಬಾಯಿ ಬಡ್ಕೊಂಡಿದೀನಿ? ಹೆಬ್ಬೆರಳಿಗೂ ಬಡಿತ ಇರುತ್ತೆ. ಇಷ್ಟು ದಿನ ನಿಂದೇ ನೀನು ಎಣಿಸ್ಕೊಂಡು ಕೂತಿದೀಯ!"

ಅವಳು ನಾಲಿಗೆ ಕಚ್ಚಿಕೊಂಡು ಎರಡು ಬೆರಳಿಟ್ಟಳು. ಅತ್ತ ಸರಿಸಿದಳು, ಇತ್ತ ಸರಿಸಿದಳು.

"ಸಿಗ್ತಾನೇ ಇಲ್ಲ ಮೇಡಂ. ಇವಳ ಕೈ ಯಾವಾಗ್ಲೂ ತಣ್ಣಗಿರುತ್ತೆ, ಅದಕ್ಕೇನೋ."

"ಸರಿ ಬಿಡು, ನಾನು ನೋಡ್ತೀನಿ" ಎಂದು ಆ ಕೈ ಹಿಡಿದೆ. ಮುಂಜಾನೆಯ ನಲ್ಲಿಯಂತೆ ಕೊರೆಯುತ್ತಿತ್ತು. ಹದಿನೈದು ಸೆಕೆಂಡು ಕಳೆಯಿತು, ಒಂದು ನಿಮಿಷ ಕಳೆಯಿತು. ಬೆರಳ ಕೆಳಗೆ ಏನೂ ಇರಲಿಲ್ಲ. ಆ ಹುಡುಗಿ ತಲೆ ತಗ್ಗಿಸಿ, ನನಗೆ ತೊಂದರೆ ಕೊಟ್ಟೆನಲ್ಲ ಎಂಬಂತೆ ಕೂತಿದ್ದಳು.

ಇಷ್ಟು ದಿನ ನಾಡಿಯ ಅಂಕಿಗಳನ್ನಷ್ಟೇ ನೋಡಿದ್ದ ನಾನು ಅವಳ ಮಡಿಲಲ್ಲಿದ್ದ ಕಾರ್ಡಿನ ಕ್ರಮಸಂಖ್ಯೆಯನ್ನು ಈಗ ನೋಡಿದೆ: ಮೂವತ್ತೆರಡು. ನನ್ನ ಹಾಜರಿ ಪುಸ್ತಕ ಮೂವತ್ತೊಂದಕ್ಕೇ ಮುಗಿಯುತ್ತದೆ.

ಆಗ ತಲೆಗೆ ಹೊಳೆಯಿತು. ಮೂವತ್ತೊಂದು ಜನರಿದ್ದರೆ ಹದಿನೈದು ಜೋಡಿಯಾಗಿ ಒಬ್ಬರು ಉಳಿಯಬೇಕು. ಈ ಸಲ ಯಾರೂ ಉಳಿದಿರಲಿಲ್ಲ. ಒಂದು ತಾಪತ್ರಯ ತಪ್ಪಿತೆಂದು ನಾನು ಖುಷಿಯಿಂದಲೇ ಇದ್ದೆ.

ಹನ್ನೊಂದು ವರ್ಷದ ಹಿಂದೆ ಒಬ್ಬಳು ಉಳಿದಿದ್ದಳು. ಅವಳ ಜೊತೆ ನಾನೇ ಕೂರಬೇಕಿತ್ತು. ಸೋಮಾರಿತನ, ಮತ್ತೇನೂ ಅಲ್ಲ. "ಯಾರಾದ್ರೂ ರಜಾ ಹಾಕಿದಾಗ ಜೋಡಿ ಸಿಗುತ್ತೆ, ಅಲ್ಲೀವರೆಗೂ ಕಾಯ್ತಿರು" ಎಂದು ಮೂಲೆಯ ಬೆಂಚು ತೋರಿಸಿದ್ದೆ. ಹದಿನಾಲ್ಕು ವಾರ ಅವಳು ಅಲ್ಲೇ ಕೂತಳು. ಪರೀಕ್ಷೆಗೆ ಮೊದಲೇ ಜ್ವರ ಬಂದು ತೀರಿಕೊಂಡಳೆಂದು ಆಮೇಲೆ ಯಾರೋ ಹೇಳಿದರು. ಅಯ್ಯೋ ಪಾಪ ಎಂದೆ, ಅವಳ ಮುಖವನ್ನೂ ಮರೆತೆ.

ಈಗ ಅವಳು ತಲೆಯೆತ್ತಿದಳು. ಅದೇ ಮುಖ.

"ಕಾಯ್ತಿರು ಅಂದಿದ್ರಿ ಮೇಡಂ" ಎಂದಳು. ದೂರಿನ ದನಿಯೇ ಇರಲಿಲ್ಲ.

ಪಕ್ಕದಲ್ಲಿ ಚಿನಕುರುಳಿ ಎದೆ ನೀವಿಕೊಳ್ಳುತ್ತ ಏದುಸಿರು ಬಿಡುತ್ತಿದ್ದಳು. ಇಬ್ಬರ ಪಾಲಿಗೆ ಬಡಿಯುತ್ತಿದ್ದ ಎದೆ ಅದು, ಪಾಪ, ಅವಳಿಗೆ ಗೊತ್ತೇ ಇಲ್ಲ. ಬಾಗಿಲು ಹತ್ತೇ ಹೆಜ್ಜೆ ದೂರವಿತ್ತು. ಓಡಿಬಿಡಲೇ ಎನಿಸಿದ್ದು ಸುಳ್ಳಲ್ಲ.

"ಏಳಮ್ಮ" ಎಂದೆ ಚಿನಕುರುಳಿಗೆ. "ಆ ಕಿಟಕಿ ಹತ್ರ ಇದಾರಲ್ಲ, ಅವರ ಜೊತೆ ಸೇರ್ಕೋ. ಇನ್ಮೇಲೆ ನಿಮ್ಮದು ಮೂರು ಜನರ ಗುಂಪು."

"ಮತ್ತೆ ಇವಳು?"

"ಇವಳಿಗೆ ನಾನಿದೀನಿ."

ಅವಳು ಎದ್ದ ಜಾಗದಲ್ಲಿ ಕೂತು, ಅಂಗಿಯ ತೋಳು ಮಡಚಿ, ಕೈ ಮುಂದೆ ಚಾಚಿದೆ. ಆ ಹುಡುಗಿ ನಾನು ಹೇಳಿಕೊಟ್ಟ ಹಾಗೆಯೇ, ಎರಡು ಬೆರಳನ್ನು ಅಚ್ಚುಕಟ್ಟಾಗಿ ಇಟ್ಟಳು. ಆ ತಂಪು ಮೊಣಕೈವರೆಗೆ ಏರಿತು.

ಕಿಟಕಿಯ ಕಡೆಯಿಂದ ಚಿನಕುರುಳಿಯ ನಗು ಕೇಳಿಸಿತು. ಯಾರನ್ನೋ ಗೋಳು ಹೊಯ್ದುಕೊಳ್ಳುತ್ತಿದ್ದಳು, ಒಂದೇ ಉಸಿರಿನಲ್ಲಿ, ಎಲ್ಲೂ ನಿಲ್ಲದೆ.

"ಇಪ್ಪತ್ತೊಂದು" ಎಂದಳು ನನ್ನ ಜೋಡಿ. ಅವಳ ಕೆನ್ನೆಗೆ ಸ್ವಲ್ಪ ಬಣ್ಣ ಬಂದಿತ್ತು. "ಮುಂದಿನ ವಾರಾನೂ ಬರ್ತೀರಾ ಮೇಡಂ?"

ಎದೆಯೊಳಗೆ ಯಾರೋ ಭಾರ ಹೊತ್ತು ಮೆಟ್ಟಿಲು ಹತ್ತತೊಡಗಿದ ಹಾಗಿತ್ತು. ನಾನು ಪೆನ್ನು ತೆಗೆದು ಗುಣಿಸಿದೆ, ನನಗೂ ಒಂದು ಖಾಲಿ ಕಾರ್ಡು ತೆಗೆದುಕೊಂಡು ಎರಡರಲ್ಲೂ ಎಂಬತ್ತನಾಲ್ಕು ಎಂದು ಬರೆದೆ.

"ಬರ್ತೀನಿ ಕಣೇ" ಎಂದೆ.