ಸೂರಿನಲ್ಲಿ ನಿಂತ ಮರ

“ಇಷ್ಟು ಕಾಲ ಎಲ್ಲಿ ನಿಂತಿತ್ತೋ, ನನ್ನ ಮೇಲೆ ಬಿದ್ದ ಆ ಮರ?”

ಗೋಮರ್ ಇದನ್ನು ನನ್ನನ್ನು ಕೇಳಲಿಲ್ಲ, ಹೆಂಡತಿ ಕೈನ್ವೆನ್‌ಳನ್ನೂ ಕೇಳಲಿಲ್ಲ. ಮಲಗಿದಲ್ಲಿಂದಲೇ ಸೂರು ನೋಡುತ್ತ ತನ್ನಷ್ಟಕ್ಕೇ ಅಂದ. ಹೊದಿಕೆಯ ಕೆಳಗೆ ಅವನ ಬಲಗಾಲು ಮೊಣಕಾಲಿಗೇ ಮುಗಿದಿತ್ತು. ಕೈನ್ವೆನ್ ಚಹಾ ತಂದಿಟ್ಟು, ಕಾವಲಿಯ ಮೇಲೆ ಬೇಯಿಸಿದ ದ್ರಾಕ್ಷಿ ಬಿಲ್ಲೆಗಳ ತಟ್ಟೆಯನ್ನು ನನ್ನ ಮುಂದೆ ಸರಿಸಿದಳು.

“ತಿನ್ನೋ, ವಾಕ್ಯದ ಎಲ್ಫೆಡ್. ಭಾನುವಾರ ಉಪವಾಸ ಅಂತ ನಮ್ಮ ಪಾದ್ರಿಗಳೂ ಹೇಳಲ್ಲ.”

ಗಣಿಯಲ್ಲಿ ಹನ್ನೊಂದು ವರ್ಷ ನಾವಿಬ್ಬರೂ ಜೋಡಿ. ಕಲ್ಲಿದ್ದಲಿಗೆ ಮೊದಲ ಏಟು ಹಾಕುವ ಮುನ್ನ ನಾನು ಬೈಬಲ್ಲಿನ ಒಂದು ವಾಕ್ಯ ಹೇಳುವೆ, ಅವನು ಆಮೆನ್ ಅನ್ನುವನು. ಆ ಅಡ್ಡಹೆಸರು ಅಲ್ಲಿಂದ ಬಂದದ್ದು.

“ಪ್ರಾರ್ಥನಾ ಮಂದಿರದಲ್ಲಿ ಕಲ್ಲಿದ್ದಲ ವಿಷಯ ಮಾತಾಡ್ತೀಯಂತಲ್ಲ, ಮುಂದಿನ ವಾರ. ನಂಗೂ ಹೇಳು. ಕಾಲು ಕೊಟ್ಟಿದೀನಿ, ಯಾವುದಕ್ಕೆ ಅಂತಾದ್ರೂ ಗೊತ್ತಾಗ್ಲಿ.”

ಹೇಳಿದೆ. ಮೂವತ್ತು ಕೋಟಿ ವರ್ಷದ ಹಿಂದೆ ಈ ಕಣಿವೆಯೇ ಇರಲಿಲ್ಲ, ಇದ್ದದ್ದು ಜೌಗು. ಗಣಿಯ ಗೋಪುರದಷ್ಟು ಎತ್ತರದ ಮರಗಳು ಸತ್ತು, ನಿಂತ ನೀರಿಗೆ ಬಿದ್ದವು. ನೀರಿನಡಿ ಗಾಳಿಯಾಡದೆ ಪೂರ್ತಿ ಕೊಳೆಯಲಿಲ್ಲ. ಮೇಲೆ ಕೆಸರು ಬಂತು, ಕೆಸರಿನ ಮೇಲೆ ಮತ್ತೆ ಕಾಡು, ಮತ್ತೆ ಕೆಸರು. ಆ ಭಾರ, ಆ ಆಳದ ಕಾವು ಹಿಂಡಿ ಹಿಂಡಿ ಕಲ್ಲಿದ್ದಲಾಯಿತು. ಕೆಲವು ಮರಗಳು ಮಾತ್ರ ಬೀಳದೆ, ನಿಂತಂತೆಯೇ ಹೂತುಹೋದವು.

“ಈಗ್ಲೂ ಎಲ್ಲೋ ಆಗ್ತಾ ಇರ್ಬೇಕಲ್ಲ?”

“ಆಗ್ತಿರಬಹುದು. ಆದ್ರೆ ಲಕ್ಷಗಟ್ಟಲೆ, ಕೋಟಿಗಟ್ಟಲೆ ವರ್ಷ ಬೇಕು, ಗೋಮರ್. ಬುತ್ತಿ ಬಿಚ್ಚೋದ್ರೊಳಗೆ ನಾವು ಅದನ್ನ ಕಡಿದು ಮೇಲೆ ಕಳಿಸ್ತೀವಿ. ತೆಗೆದದ್ದು ನಮಗಂತೂ ಮತ್ತೆ ಬರಲ್ಲ.”

“ನನ್ನ ಕಾಲಿನ ಜಾತಿ ಅನ್ನು!” ಎಂದು ನಕ್ಕ. ಕೈನ್ವೆನ್ ನಗಲಿಲ್ಲ.

“ನೀನೊಬ್ಬ ಇದ್ದೆ, ಇವ್ರು ಉಳಿದ್ರು,” ಎಂದಳು. “ಬರಿಗೈಲಿ ಇವ್ರ ಮೇಲಿನ ಕಲ್ಲು ತೆಗೆದೆಯಲ್ಲಪ್ಪ.”

ಅಂದು ಬೆಳಿಗ್ಗೆ ಪಾದ್ರಿಗಳೂ ಎಲ್ಲರೆದುರು ನನ್ನ ಕೈಗಳಿಗಾಗಿ ದೇವರಿಗೆ ಸ್ತೋತ್ರ ಹೇಳಿದ್ದರು. ನಾನು ತಲೆ ತಗ್ಗಿಸಿದ್ದೆ, ವಿನಯ ಎಂದುಕೊಂಡರು. ಈಗ ಆ ಕೈಗಳನ್ನು ಮೇಜಿನ ಕೆಳಗಿಟ್ಟುಕೊಂಡೆ.

ನಿಂತು ಹೂತ ಮರದ ಬುಡವನ್ನು, ಅದರ ಆಕಾರ ನೋಡಿ, ಗಣಿಯವರಾದ ನಾವು ಗಂಟೆ ಎನ್ನುತ್ತೇವೆ. ಕೆಳಗಿನಿಂದ ಕಾಣುವುದು ಗಣಿಯ ಸೂರಿನಲ್ಲೊಂದು ಕಪ್ಪು ಬಳೆ ಮಾತ್ರ. ಒಳಗೆಲ್ಲ ಭಾರದ ಕಲ್ಲು, ಸುತ್ತ ಕಲ್ಲಿದ್ದಲಾದ ತೊಗಟೆ ನುಣುಪು. ಅದು ಯಾವ ಗಳಿಗೆಯಲ್ಲಿ ಜಾರುತ್ತದೋ, ಸದ್ದೂ ಮಾಡುವುದಿಲ್ಲ. ಕಂಡವನು ಕಂಡ ಕ್ಷಣ ಸೀಮೆಸುಣ್ಣದ ಗುರುತು ಹಾಕಬೇಕು, ಜೊತೆಗಾರನಿಗೆ ಕೂಗಬೇಕು, ಕೆಳಗೆ ಆಸರೆಗೆ ಕಂಬ ಕೊಡಬೇಕು.

ಏಳು ವಾರದ ಹಿಂದೆ, ಒಂದು ಗುರುವಾರ, ನಾನು ಅಂಥದೊಂದನ್ನು ಕಂಡೆ. ಗುರುತು ಹಾಕಿದ್ದರೆ ಮೇಸ್ತ್ರಿ ಅಂದೇ ಕೆಡವಿ ಪುಡಿ ಮಾಡಿಸುತ್ತಿದ್ದ. ಅಷ್ಟು ದುಂಡನೆಯ ಬಳೆಯನ್ನು ನಾನು ಹಿಂದೆ ಕಂಡಿರಲಿಲ್ಲ. ಶನಿವಾರ ಕಾಗದ ತಂದು ಅಚ್ಚು ತೆಗೆಯಬೇಕು, ಮಂದಿರದಲ್ಲಿ ಎತ್ತಿ ಹಿಡಿಯಬೇಕು, ಜನ ಅಬ್ಬಾ ಎನ್ನಬೇಕು ಎಂದು ಆಸೆಪಟ್ಟೆ. ಎರಡು ದಿನ ತಾನೆ ಎಂದುಕೊಂಡೆ. ಶುಕ್ರವಾರ ಗೋಮರ್ ಅದರ ಕೆಳಗೆ ಮಂಡಿಯೂರಿದ.

“ಗೋಮರ್,” ಎಂದೆ. “ಆ ಗಂಟೆ ನಾನು ನೋಡಿದ್ದೆ. ಹಿಂದಿನ ದಿನವೇ. ಭಾಷಣಕ್ಕೆ ಬೇಕು ಅಂತ ಬಿಟ್ಟೆ.”

ಅವನು ಸೂರಿನಿಂದ ಕಣ್ಣು ಕಿತ್ತು ನನ್ನತ್ತ ತಿರುಗಿದ.

“ಸೀಮೆಸುಣ್ಣ ಇತ್ತಾ ಹತ್ರ?”

“ಜೇಬಲ್ಲೇ ಇತ್ತು.”

ಕೈನ್ವೆನ್ ನನ್ನ ಮುಂದಿನ ತಟ್ಟೆಯನ್ನು ಮೆಲ್ಲಗೆ ಎತ್ತಿಕೊಂಡು ಒಳಗೆ ಹೋದಳು.

“ಒಂದು ವಾಕ್ಯ ಹೇಳ್ತೀನಿ ಕಣೋ,” ಎಂದೆ. “ದಿನಾ ಹೇಳ್ತಿದ್ದ ಹಾಗೆ. ನೀನು ಆಮೆನ್ ಅನ್ನು, ಅಷ್ಟು ಸಾಕು.”

“ಅನ್ನಲ್ಲ,” ಎಂದ ಗೋಮರ್.